ಮಾಲಾಳ ಫೋನು, ಶಾಂತಕುಮಾರಿಯ ಸಾಕ್ಷಿ

ಕೂಡ್ಲಿಗಿಯ ಮಾಲಾ ಹೊಟ್ಟೆಕಿಚ್ಚಿನ ಹೆಂಗಸು ಎಂದು ಅವಳ ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. "ನನಗ ಹೊಟ್ಟಿಕಿಚ್ಚು ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಎಲ್ಲಾರ ಮ್ಯಾಲೂ ಇಲ್ಲ, ಒಬ್ಬಾಕಿ ಮ್ಯಾಲೆ ಅಷ್ಟ," ಎನ್ನುವಳು. ಆ ಒಬ್ಬಾಕೆ ಹಗರಿಬೊಮ್ಮನಹಳ್ಳಿಯ ಶಾಂತಕುಮಾರಿ.

ಇಬ್ಬರೂ ನಾಟಕದ ಪಾತ್ರದವರು. ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಊರ ಗಂಡಸರಿಗೆ ನಾಟಕದ ಹುಚ್ಚು ಏರುತ್ತದೆ. ಕಥಾನಾಯಕ, ಗೌಡ, ಕುಡುಕ, ಪೊಲೀಸು, ಎಲ್ಲ ಪಾತ್ರಗಳಿಗೂ ಊರಲ್ಲೇ ಜಗಳ. ಹೆಣ್ಣು ಪಾತ್ರಕ್ಕೆ ಮಾತ್ರ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಯಾರೂ ರಂಗ ಹತ್ತಿಸುವುದಿಲ್ಲ; ಅದಕ್ಕೆ ಹೊರಗಿನಿಂದಲೇ ಕರೆಸಬೇಕು. ಕರೆಸುವುದಕ್ಕೊಂದು ಕ್ರಮವಿದೆ. ನಾಟಕ ಮಂಡಳಿಯ ಇಬ್ಬರು ಹಿರಿಯರು ಪಾತ್ರದವಳ ಮನೆಗೆ ಬಂದು, ವೀಳ್ಯದೆಲೆ ಅಡಿಕೆ ಇಟ್ಟು, ಅದರ ಮೇಲೆ ಮುಂಗಡ ಇಟ್ಟು ಕೊಡುತ್ತಾರೆ. ಮೊದಲ ವೀಳ್ಯ ಕಥಾನಾಯಕಿಗೆ, ಆಮೇಲೆ ಉಳಿದವರಿಗೆ. ಎರಡೂ ಕೈಯಲ್ಲಿ ವೀಳ್ಯ ಹಿಡಿದವಳು ಜ್ವರ ಬರಲಿ, ಮನೆಯಲ್ಲಿ ಮದುವೆ ಇರಲಿ, ಆ ದಿನ ಆ ಊರಲ್ಲಿ ಬಣ್ಣ ಹಚ್ಚಲೇಬೇಕು. ಕಾಗದವಿಲ್ಲ, ಸಹಿಯಿಲ್ಲ. ಹಿಡಿದ ವೀಳ್ಯಕ್ಕೆ ತಪ್ಪಿದವಳನ್ನು ಮುಂದೆ ಯಾವ ಊರೂ ಕರೆಯುವುದಿಲ್ಲ.

ಮಾಲಾ ಚಿಕ್ಕ ವಯಸ್ಸಿನಿಂದ ಮೊದಲ ವೀಳ್ಯ ಹಿಡಿದವಳು. ಅವಳ ಆಸ್ತಿ ಅವಳ ದನಿ. ಕರೆಂಟು ಹೋಗಿ ಮೈಕು ಸತ್ತರೆ ಉಳಿದವರು ಬಾಯಿ ಮುಚ್ಚಿ ನಿಲ್ಲುವರು. ಇವಳು ಕಂದೀಲಿನ ಬೆಳಕಲ್ಲೇ ಮಾತು ಮುಂದುವರಿಸುವಳು, ಹಿಂದಿನ ಸಾಲಿನಲ್ಲಿ ಚಹಾ ಕಾಯಿಸುವವನಿಗೂ ಅದು ಕೇಳುತ್ತಿತ್ತು. ಆಯೇರಿ, ಅಂದರೆ ಮೆಚ್ಚಿ ಉಡುಗೊರೆ, ಮಾಡುವವರು ನಾಟಕವನ್ನು ಮಧ್ಯದಲ್ಲೇ ನಿಲ್ಲಿಸಿ, ರಂಗದ ಮೇಲೆ ಬಂದು ಸೀರೆ ಹೊದಿಸಿ ಹೋಗುತ್ತಿದ್ದರು. ಅವಳ ತಾಯಿ ಅಂಜಿನಕ್ಕ ಆ ಸೀರೆಗಳನ್ನು ಬಿಚ್ಚದೆ ಮಡಿಸಿಟ್ಟು, ಬಂದವರಿಗೆಲ್ಲ ಟ್ರಂಕು ತೆಗೆದು ತೋರಿಸುವಳು.

ಶಾಂತಕುಮಾರಿ ಆ ರಂಗಕ್ಕೆ ಬಂದದ್ದು ಮಾಲಾಳ ಸಖಿಯಾಗಿ. ಪಾರ್ಟು ಅಂದರೆ ಏನು ದೊಡ್ಡದು, ಕಥಾನಾಯಕಿಗೆ ನೀರು ಕೊಡುವುದು, ಹಾಸ್ಯದವನ ಹತ್ತಿರ ಬೈಸಿಕೊಳ್ಳುವುದು. ಹುಬ್ಬು ತೀಡುವುದು, ಅಳುವಾಗ ಮುಖವನ್ನು ಬೆಳಕಿಗೆ ಕೊಡುವುದು, ಇದನ್ನೆಲ್ಲ ಹೇಳಿಕೊಟ್ಟವಳು ಮಾಲಾ. ಹೇಳಿಕೊಟ್ಟದ್ದನ್ನು ಆ ಹುಡುಗಿ ಚೆನ್ನಾಗಿ ಕಲಿತಳು. ಬೇಕಿದ್ದಕ್ಕಿಂತ ಚೆನ್ನಾಗಿಯೇ ಕಲಿತಳು ಎಂಬುದು ಮಾಲಾಳ ದೂರು. ಕೆಲವು ವರ್ಷಗಳಲ್ಲಿ ಹಡಗಲಿ ಕಡೆಯ ಹಳ್ಳಿಗಳು ಮೊದಲ ವೀಳ್ಯವನ್ನು ಶಾಂತಕುಮಾರಿಗೆ ಕೊಟ್ಟವು. ಆಮೇಲೆ ಹರಪನಹಳ್ಳಿ ಕಡೆಯವೂ ಕೊಟ್ಟವು. ಎರಡನೆಯ ವೀಳ್ಯ ಹಿಡಿದು ಒಂದೇ ಗ್ರೀನ್ ರೂಮಿನಲ್ಲಿ ಅವಳ ಪಕ್ಕದ ಕನ್ನಡಿಯ ಮುಂದೆ ಕೂರುವಾಗ ಮಾಲಾಳಿಗೆ ಹೊಟ್ಟೆಯೊಳಗೆ ಹಸಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. "ಅಕ್ಕ, ನನ್ನ ಹುಬ್ಬು ಸಮ ಅದಾವೇನು ನೋಡು," ಎಂದು ಅವಳು ಕೇಳಿದರೆ, ಸಮ ಇದ್ದರೂ ಇವಳು "ಎಡಗಡೀದು ಸ್ವಲ್ಪ ಮ್ಯಾಲೈತಿ" ಎನ್ನುವಳು.

ಒಂದು ವಿಷಯದಲ್ಲಿ ಮಾತ್ರ ಮಾಲಾ ಮುಂದಿದ್ದಳು. ಪಾತ್ರದವರ ಪೈಕಿ ಮೊದಲು ಮೊಬೈಲ್ ಫೋನು ತೆಗೆದುಕೊಂಡವಳು ಅವಳು. ಆಗಿನ್ನೂ ಹಳ್ಳಿಗೊಂದೆರಡು ಮೊಬೈಲು ಬರುತ್ತಿದ್ದ ಕಾಲ. ಮಂಡಳಿಯವರು ಮೊದಲು ಫೋನು ಮಾಡಿ ದಿನ ಖಾಲಿ ಇದೆಯೇ ಎಂದು ಕೇಳಿ, ಆಮೇಲೆ ವೀಳ್ಯ ಹಿಡಿದು ಬರುವ ಪದ್ಧತಿ ಶುರುವಾಗಿತ್ತು. ಮಾಲಾಳ ನಂಬರು ಸುತ್ತಮುತ್ತಲ ಮಂಡಳಿಗಳ ಬಾಯಲ್ಲಿತ್ತು. ಮುಂದೆ ಆರು ತಿಂಗಳಿಗೆ ಶಾಂತಕುಮಾರಿಯೂ ಒಂದು ಫೋನು ತಂದಳು. ಅದರಲ್ಲಿ ಬಣ್ಣದ ಪರದೆ, ಕರೆ ಬಂದರೆ ಹಾಡು. ಮಾಲಾಳ ಫೋನಿಗೆ ಕಪ್ಪು ಅಕ್ಷರ, ಬರೀ ಗಂಟೆ.

ಆ ಗಂಟೆಯೂ ಒಂದು ದಿನ ನಿಂತಿತು. ಚಿಗಟೇರಿಯಲ್ಲಿ ನಾಟಕ ಮುಗಿಸಿ ಬಣ್ಣ ತೊಳೆಯುವಾಗ ಫೋನು ನೀರಿನ ತಂಬಿಗೆಗೆ ಬಿದ್ದಿತು. ಒರೆಸಿ, ಒಣಗಿಸಿ ನೋಡಿದರೆ ಆ ಕಡೆಯ ಮಾತು ಇವಳಿಗೆ ಕೇಳುತ್ತದೆ, ಇವಳ ಮಾತು ಅವರಿಗೂ ಕೇಳುತ್ತದೆ. ಕರೆ ಬಂದರೆ ಗಂಟೆ ಮಾತ್ರ ಹೊಡೆಯುವುದಿಲ್ಲ. ಬೆಳಿಗ್ಗೆ ಚಿಗಟೇರಿಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಕೊಟ್ಟೂರಿಗೆ ಬಂದರು. ಅಲ್ಲಿಂದ ಒಬ್ಬಳು ಕೂಡ್ಲಿಗಿಗೆ, ಒಬ್ಬಳು ಹಗರಿಬೊಮ್ಮನಹಳ್ಳಿಗೆ. ಬಸ್ಸಿಗೆ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ವೆಂಕಟೇಶ ಎಂಬವನ ಮೊಬೈಲ್ ರಿಪೇರಿ ಅಂಗಡಿ. ಮಾಲಾ ಹೋದಳು, ಶಾಂತಕುಮಾರಿಯೂ ಚೀಲ ಹಿಡಿದುಕೊಂಡು ಹಿಂದೆ ಬಂದಳು.

ವೆಂಕಟೇಶ ಫೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹಿಂದೆ ಮುಂದೆ ನೋಡಿ, "ರಿಂಗರ್ ಹೋಗೈತ್ರಿ. ಹೊಸಾದು ಹಾಕ್ತೀನಿ, ಸಂಜಿಗೆ ರೆಡಿ. ರೊಕ್ಕ ಮೊದಲ ಕೊಡಬೇಕು," ಎಂದ.

ಮಾಲಾ ತನ್ನ ಎಲೆಯಡಿಕೆ ಸಂಚಿಯಿಂದ ಎರಡು ಎಲೆ ತೆಗೆದು, ಅದರ ಮೇಲೆ ಅಡಿಕೆ ಇಟ್ಟು, ಅವನು ಕೇಳಿದ ದುಡ್ಡು ಇಟ್ಟು ಚಾಚಿದಳು. ವೆಂಕಟೇಶ ನಗುತ್ತ ಒಂದು ಕೈ ನೀಡಿದ.

"ಎರಡೂ ಕೈ ನೀಡು. ಇದು ವೀಳ್ಯ. ನಂದು ಹೊಟ್ಟಿಪಾಡು ಇದರಾಗೈತಿ."

ಅವನು ಎರಡೂ ಕೈಯಲ್ಲಿ ಹಿಡಿದ. ಆಗಲೇ ಶಾಂತಕುಮಾರಿ ಮೆಲ್ಲಗೆ, "ಅಕ್ಕ, ಒಂದು ಬಿಲ್ ಬರಿಸ್ಕೋ," ಎಂದಳು.

ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಮಾಲಾ ಕೇಳುತ್ತಿದ್ದಳೋ ಏನೋ. ನಿನ್ನೆ ಮೊದಲ ವೀಳ್ಯದಲ್ಲಿ ಮೆರೆದವಳು ಇವತ್ತು ಬುದ್ಧಿ ಹೇಳಲು ಬಂದಳಲ್ಲ ಎಂದು ಅವಳ ಮೂಗು ಕೆಂಪಾಯಿತು. "ವೀಳ್ಯ ಹಿಡಿದ ಮ್ಯಾಲೆ ಬಿಲ್ ಯಾಕವ್ವ? ನಾವೇನು ಬಿಲ್ ಬರಕೊಟ್ಟು ಪಾರ್ಟು ಮಾಡ್ತೀವೇನು?" ಎಂದಳು. ವೆಂಕಟೇಶ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. ಬಿಲ್ ಪುಸ್ತಕ ಇದ್ದ ಡ್ರಾವರನ್ನು ಅವನು ತೆಗೆಯಲೇ ಇಲ್ಲ.

ಸಂಜೆಯ ತನಕ ಕೊಟ್ಟೂರಲ್ಲೇ ಕಾದು ಪಡೆದ ಫೋನಿನ ಗಂಟೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಮಾಲಾ ಸಂತೋಷದಿಂದ ಮನೆಗೆ ತಂದಳು. ಮರುದಿನ ಹೊಸಹಳ್ಳಿಯಿಂದ ಕರೆ ಬಂತು.

"ಹಲೋ, ಮಾಲಾ ಅವ್ರಾ? ನಾವು ಹೊಸಳ್ಳಿ ನಾಟಕ ಮಂಡಳಿಯವರು."

"ಹೌದ್ರಿ, ನಾನೇ ಮಾಲಾ. ಹೇಳ್ರಿ."

"ಹಲೋ. ಹಲೋ. ಕೇಳ್ತೈತಾ?"

"ಕೇಳ್ತೈತ್ರಿ. ಹೇಳ್ರಿ."

"ಹಲೋ."

ಮಾಲಾ ಎದ್ದು ಅಂಗಳಕ್ಕೆ ಬಂದಳು. ಕಟ್ಟೆ ಹತ್ತಿದಳು. ಗಂಟಲು ಹರಿಯುವಂತೆ ಕೂಗಿದಳು. ಓಣಿಯ ಹೆಂಗಸರೆಲ್ಲ ಹೊರಗೆ ಬಂದು ನಿಂತರು; ಕೊನೆಯ ಮನೆಯ ಚೌಡಕ್ಕನಿಗೂ ಕೇಳಿತು, ಹೊಸಹಳ್ಳಿಯವರಿಗೆ ಕೇಳಲಿಲ್ಲ. ಅವರ ಮಾತು ಮಾತ್ರ ಇವಳ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು.

"ಎತ್ಕೊಂಡು ಸುಮ್ನ ಕುಂತಾಳ ನೋಡಲೇ. ಮಾತಾಡಾಕ ಏನು ರೋಗ?"

"ಸೊಕ್ಕು. ಬಿಡೋ, ಶಾಂತಕುಮಾರಿಗೆ ಹಚ್ಚು. ಆಕಿ ಚೊಲೋ ಮಾತಾಡ್ತಾಳ."

ಹಿಂದಿನ ಸಾಲಿಗೆ ಮೈಕಿಲ್ಲದೆ ಕೇಳಿಸಿದ ದನಿ ಅಂಗೈಯಷ್ಟು ಫೋನಿನಲ್ಲಿ ಸತ್ತುಹೋಗಿತ್ತು. ಮಾಲಾ ಕಟ್ಟೆಯ ಮೇಲೇ ಕೂತು ಅತ್ತಳು. ಆ ವಾರದಲ್ಲಿ ಹೀಗೇ ಇನ್ನೂ ಕೆಲವು ಊರುಗಳಾದವು. ಪ್ರತಿಸಲವೂ ಕೊನೆಗೆ ಆ ಒಂದೇ ಹೆಸರು.

ವೆಂಕಟೇಶನ ಅಂಗಡಿಗೆ ಮತ್ತೆ ಹೋದಳು. ಅವನು ಬಿಚ್ಚಿ, ಊದಿ, ಏನೋ ಒತ್ತಿ, ತನ್ನ ಫೋನಿನಿಂದ ಕರೆ ಮಾಡಿ ತೋರಿಸಿದ, ಇವಳ ಮಾತು ಅವನಿಗೆ ಕೇಳಿಸಿತು. ಕೂಡ್ಲಿಗಿಗೆ ಬಂದು ಇಳಿಯುವ ಹೊತ್ತಿಗೆ ಮತ್ತೆ ಮೂಕ. ಮತ್ತೊಮ್ಮೆ ಹೋದಾಗ ಅವನ ಮಾತಿನ ವರಸೆ ಬದಲಾಗಿತ್ತು.

"ನೀರಾಗ ಬಿದ್ದ ಫೋನ್ ಇದು. ಬೋರ್ಡ ಹೋಗೈತಿ. ನಾ ಮೈಕ್ ಮುಟ್ಟೇ ಇಲ್ಲ."

"ನೀ ಬಿಚ್ಚೋದಕ್ಕಿಂತ ಮೊದಲು ನನ್ನ ಮಾತು ಆ ಕಡೆ ಕೇಳ್ತಿತ್ತಲ್ಲೋ."

"ಅದಕ್ಕೇನು ದಾಖಲಿ? ಬಿಲ್ ತೋರಿಸ್ರಿ."

"ವೀಳ್ಯ ಹಿಡಿದೀ. ಎರಡೂ ಕೈಯಾಗ ಹಿಡಿದೀ."

"ಎಲಿ ತಿಂದು ಉಗುಳಿ ಆತವ್ವ. ಅದನ್ನ ಯಾವ ಕೋರ್ಟ್‌ನಾಗ ತೋರಿಸ್ತಿ, ತೋರಿಸು ಹೋಗು," ಎಂದು ಅವನು ಪಕ್ಕದ ಗಿರಾಕಿಯ ಕಡೆ ತಿರುಗಿದ.

ಹೊರಗೆ ಬರುವಾಗ ಅಂಗಡಿಯ ಗಾಜಿನ ಮೇಲೆ ಹೊಸಹಳ್ಳಿ ನಾಟಕದ ಹ್ಯಾಂಡ್‌ಬಿಲ್ ಅಂಟಿಸಿದ್ದು ಕಂಡಿತು. ನಡುವೆ ಶಾಂತಕುಮಾರಿಯ ಫೋಟೋ, ತಲೆಯ ಮೇಲೆ ಸೆರಗು, ಮುಖ ಬೆಳಕಿನ ಕಡೆಗೆ. ಹ್ಯಾಂಡ್‌ಬಿಲ್ ಎಲ್ಲ ಅಂಗಡಿಗಳಿಗೂ ಹಚ್ಚುತ್ತಾರೆ, ಪಕ್ಕದ ಗಿರಣಿಗೂ ಹಚ್ಚಿದ್ದರು. ಆದರೆ ಮಾಲಾಳ ಕಣ್ಣಿಗೆ ಗಿರಣಿ ಬೀಳಲಿಲ್ಲ. ಇವನೂ ಅವಳೂ ಸೇರಿ ನನ್ನ ಬಾಯಿ ಕಟ್ಟಿದರು ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಆ ತೀರ್ಮಾನದೊಂದಿಗೇ ಅವಳು ನೇರವಾಗಿ ಹಾರ್ಮೋನಿಯಂ ಮಾಸ್ತರ ಗುರುಸಂಗಪ್ಪನವರ ಮನೆಗೆ ಹೋದಳು. ಕೊಟ್ಟೂರಿನವರೇ ಆದ ಅವರು ಸೀಮೆಯ ಅರ್ಧ ನಾಟಕಗಳಿಗೆ ತಾಲೀಮು ಕೊಟ್ಟವರು, ದಿನಾ ಪೇಪರನ್ನು ಮೊದಲಿಂದ ಕೊನೆಯ ತನಕ ಓದುವವರು. ಎಲ್ಲ ಕೇಳಿ, "ಬೈದು ಏನು ಮಾಡ್ತಿ? ಬಳ್ಳಾರಿಯಾಗ ಗ್ರಾಹಕರ ವೇದಿಕೆ ಐತಿ," ಎಂದರು. "ರೊಕ್ಕ ಕೊಟ್ಟು ಮಾಡಿಸಿಕೊಂಡ ಕೆಲಸ ಕೆಟ್ಟದಾತು ಅಂದ್ರ ಅದಕ್ಕ ಸೇವಾ ನ್ಯೂನತೆ ಅಂತಾರ. ಮಾಡಿದಾವ ಸರಿ ಮಾಡಿಕೊಡಬೇಕು, ಇಲ್ಲಾಂದ್ರ ನುಕಸಾನು ತುಂಬಬೇಕು. ಮೊದಲು ಅವನಿಗೆ ಒಂದು ನೋಟೀಸು ಕಳಿಸೂಣು. ಆಮ್ಯಾಲೆ ಅರ್ಜಿ. ವಕೀಲರು ಇಲ್ಲದಿದ್ರೂ ನಡೀತೈತಿ, ನೀನೇ ನಿಂತು ಹೇಳಬಹುದು."

ನಾನೇ ನಿಂತು ಹೇಳಬಹುದು ಎಂಬ ಮಾತು ಮಾಲಾಳಿಗೆ ಬಹಳ ಹಿಡಿಸಿತು.

"ಆದ್ರ ನೀ ಅವನಿಗೆ ರೊಕ್ಕ ಕೊಟ್ಟಿದ್ದಕ್ಕ ಬಿಲ್ ಎಲ್ಲೈತಿ?"

"ಬಿಲ್ ಇಲ್ಲ ಮಾಸ್ತರ."

"ಹಂಗಾರ ಕಣ್ಣಾರ ನೋಡಿದವರು ಬೇಕು. ಯಾರಿದ್ರು?"

ಮಾಲಾ ಮಾಸ್ತರರ ಮುಖ ಬಿಟ್ಟು ಹಾರ್ಮೋನಿಯಂ ಪೆಟ್ಟಿಗೆಯನ್ನು ನೋಡಿದಳು. ಶಾಂತಕುಮಾರಿ ಎಂಬ ಹೆಸರನ್ನು ಆ ಪೆಟ್ಟಿಗೆಗೇ ಹೇಳಿದಳು.

ನೋಟೀಸಿಗೆ ವೆಂಕಟೇಶ ಉತ್ತರ ಕೊಡಲಿಲ್ಲ. ಅರ್ಜಿ ಹಾಕಿದ ಮೇಲೆ ಅವನೊಬ್ಬ ವಕೀಲನನ್ನು ಹಿಡಿದು, ಈ ಹೆಂಗಸು ನನ್ನ ಗಿರಾಕಿಯೇ ಅಲ್ಲ ಎಂದು ಹೇಳಿಸಿದ. ಇನ್ನು ಉಳಿದ ದಾರಿ ಒಂದೇ. ಮಾಲಾ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅವಳು ದೇವರಲ್ಲಿ ಬೇಡಿಕೊಂಡದ್ದು ಇಷ್ಟೇ: ಶಾಂತಕುಮಾರಿ ಒಲ್ಲೆ ಅನ್ನಲಿ. ಒಲ್ಲೆ ಎಂದರೆ ಕೇಸು ಬೀಳುತ್ತದೆ, ಬೀಳಲಿ. ಅವಳು ಕೆಟ್ಟವಳೆಂಬುದಾದರೂ ಖಾತ್ರಿಯಾಗುತ್ತದೆ.

ಶಾಂತಕುಮಾರಿ ಒಲೆಯ ಮುಂದೆ ಕೂತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸಾರು ತಿರುವುತ್ತ, ಯಾವುದೋ ಮಂಡಳಿಯವರಿಗೆ ದಿನ ಖಾಲಿ ಇಲ್ಲವೆಂದು ಹೇಳುತ್ತಿದ್ದಳು. ಮಾಲಾಳನ್ನು ಕಂಡು ಫೋನಿಟ್ಟು ಎದ್ದಳು. ಮಾಲಾ ಕೂರಲಿಲ್ಲ, ನೀರು ಕುಡಿಯಲಿಲ್ಲ. ಸಂಚಿಯಿಂದ ಎಲೆ, ಅಡಿಕೆ, ಬಸ್ ಚಾರ್ಜಿನ ದುಡ್ಡು ತೆಗೆದು ಚಾಚಿದಳು.

"ಒಂದು ಪಾರ್ಟು ಐತಿ. ಮಾಡ್ತಿ ಏನು?"

"ಯಾವ ಊರಾಗ ಅಕ್ಕ?"

"ಬಳ್ಳಾರಿಯಾಗ. ಸಾಕ್ಷಿ ಪಾರ್ಟು. ನೋಡಿದ್ದನ್ನ ಹೇಳಬೇಕು, ಅಷ್ಟ."

ಶಾಂತಕುಮಾರಿ ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ವೀಳ್ಯ ಹಿಡಿದು, ಕಣ್ಣಿಗೆ ಒತ್ತಿಕೊಂಡಳು. ಮಾಲಾಳಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತು.

ಬಳ್ಳಾರಿಯ ಗ್ರಾಹಕರ ವೇದಿಕೆಯ ಕೋಣೆಯಲ್ಲಿ ಮಾಲಾ ಮೊದಲು ನಿಂತು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು, ಆದರೆ ಸಿಟ್ಟು ನುಗ್ಗಿ ನಡುವೆ ಎರಡು ಸಲ ತಡವರಿಸಿದಳು. ವೆಂಕಟೇಶನ ವಕೀಲ ಎದ್ದು, "ಸ್ವಾಮಿ, ದುಡ್ಡು ಕೊಟ್ಟದ್ದಕ್ಕೆ ದಾಖಲೆಯಿಲ್ಲ. ಇನ್ನು ನಷ್ಟದ ಮಾತು. ವಯಸ್ಸಾದ ಮೇಲೆ ಪಾತ್ರದವರಿಗೆ ನಾಟಕ ಕಡಿಮೆಯಾಗುವುದು ಸಹಜ. ಅದಕ್ಕೆ ಫೋನು ಏನು ಮಾಡೀತು?" ಎಂದ.

ಈ ಮಾತನ್ನು ಶಾಂತಕುಮಾರಿಯ ಎದುರಿಗೆ ಕೇಳಬೇಕಾಯಿತಲ್ಲ ಎಂಬ ಮಾಲಾಳ ಸಂಕಟ ವಕೀಲನ ಮೇಲಿನ ಸಿಟ್ಟನ್ನೂ ಮೀರಿತು.

ಶಾಂತಕುಮಾರಿ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯನ್ನು ಓದಿದ್ದ ವೇದಿಕೆಯ ಅಧ್ಯಕ್ಷರು ಅವಳನ್ನೇ ಕರೆದು ಕೇಳಿದರು. ಅವಳು ಬಂದು ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ನಿಂತಳು. ನಾನೇ ಹೇಳಿಕೊಟ್ಟದ್ದು, ಎಂದುಕೊಂಡಳು ಮಾಲಾ.

ವೀಳ್ಯ ಕೊಟ್ಟದ್ದು, ವೆಂಕಟೇಶ ಎರಡೂ ಕೈ ನೀಡಿದ್ದು, ಎಲೆ ಬಾಯಿಗೆ ಹಾಕಿಕೊಂಡದ್ದು, ಎಲ್ಲವನ್ನೂ ಅವಳು ಅವಸರವಿಲ್ಲದೆ ಹೇಳಿದಳು. ಅಂಗಡಿಗೆ ಕೊಡುವ ಮೊದಲು, ತನ್ನ ಫೋನಿನ ಚಾರ್ಜು ಮುಗಿದಿತ್ತೆಂದು, ಅದೇ ಫೋನಿನಿಂದ ಬಸ್ಸಿನಲ್ಲಿ ತಾನು ಮನೆಗೆ ಮಾತಾಡಿದ್ದೆ, ಮನೆಯವರಿಗೆ ಕೇಳಿಸಿತ್ತು ಎಂದಳು. ಇದು ಮಾಲಾಳಿಗೆ ಮರೆತೇ ಹೋಗಿತ್ತು. ಕೋಣೆಯಲ್ಲಿ ಕಾಗದ ತಿರುವುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತ ಜವಾನ ಕೂಡ ಒಳಗೆ ಬಂದ.

"ನಷ್ಟ ಆಗಿದ್ದು ನಿಮಗೆ ಹೇಗೆ ಗೊತ್ತು?" ಎಂದರು ಅಧ್ಯಕ್ಷರು.

"ಆ ನಾಟಕಗಳು ನನಗ ಬಂದ್ವು ಸರ್. ನಾನೇ ವೀಳ್ಯ ಹಿಡಿದೀನಿ. ಹೊಸಳ್ಳಿಯವರು, ಉಳಿದವರು, ಎಲ್ಲಾರೂ ಮೊದಲು ಅಕ್ಕಗ ಫೋನ್ ಹಚ್ಚಿದ್ರು. ಆಕಿ ಮಾತು ಕೇಳಲಿಲ್ಲ ಅಂತ ನನಗ ಹಚ್ಚಿದ್ರು. ನನ್ನ ಚೊಲೋತನಕ್ಕ ಬಂದದ್ದಲ್ಲ ಸರ್, ಆಕಿ ಫೋನ್ ಕೆಟ್ಟದ್ದಕ್ಕ ಬಂದದ್ದು. ಆಕಿ ದನಿ ಅವರಿಗೆ ಕೇಳಿದ್ರ ನನ್ನ ಯಾರು ಕರೀತಿದ್ರು?"

ವಕೀಲ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದ. ಮಾಲಾ ತಲೆ ತಗ್ಗಿಸಿ ಕೂತಳು. ಕೇಸು ತಾನು ಗೆದ್ದೆನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಇಷ್ಟು ವರ್ಷ ಎದೆಯೊಳಗೆ ತಾನೇ ತನಗೆ ಹೇಳಿಕೊಂಡಿದ್ದ ಮಾತನ್ನು ಶಾಂತಕುಮಾರಿಯ ಬಾಯಲ್ಲಿ, ಅಧ್ಯಕ್ಷರ ಎದುರಿಗೆ, ಕೇಳಿಯೂ ಆಗಿತ್ತು. ಹಾಗಿದ್ದೂ ಹೊಟ್ಟೆಯ ಉರಿ ತಣ್ಣಗಾಗಲಿಲ್ಲ. ಕಥಾನಾಯಕಿಯ ಪಾರ್ಟು ಹೋಗಿತ್ತು, ಈಗ ದೊಡ್ಡ ಮನಸ್ಸಿನವಳ ಪಾರ್ಟನ್ನೂ ಅವಳೇ ಹೊಡೆದುಕೊಂಡಳು. ಹೊರಗೆ ಬಂದಾಗ ಜವಾನ ಚಹಾ ತಂದು ಮೊದಲು ಶಾಂತಕುಮಾರಿಗೆ ಕೊಟ್ಟ. ಮಾಲಾ ಅದನ್ನೂ ಗಮನಿಸಿದಳು.

ಆದರೆ ಬಸ್ಸಿನಲ್ಲಿ ಬರುತ್ತ ಒಂದು ಸಂತೋಷ ನಿಧಾನವಾಗಿ ಮೇಲೆ ಬಂತು. ಅವಳೇ ಹೇಳಿದಳಲ್ಲ, ಪ್ರಮಾಣ ಮಾಡಿ ಹೇಳಿದಳಲ್ಲ: ಫೋನು ಕೆಟ್ಟದ್ದಕ್ಕೆ ಬಂದದ್ದು ಎಂದು. ಮಾಲಾ ಆ ಮಾತನ್ನು ಅಂಜಿನಕ್ಕನಿಗೆ ಹೇಳಿದಳು, ಚೌಡಕ್ಕನಿಗೆ ಹೇಳಿದಳು, ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಮಳೆಗಾಲವೆಲ್ಲ ಆ ಮಾತೇ ಅವಳಿಗೆ ಊಟವಾಯಿತು. ಅಷ್ಟರಲ್ಲಿ ಆದೇಶವೂ ಬಂತು. ವೆಂಕಟೇಶ ಫೋನಿನ ಬೆಲೆ, ನಾಟಕಗಳ ನಷ್ಟಕ್ಕೆ ಪರಿಹಾರ, ಕೇಸಿನ ಖರ್ಚು, ಎಲ್ಲ ಕೊಡಬೇಕಾಯಿತು. ಮಾಲಾ ಬಣ್ಣದ ಪರದೆಯ ಹೊಸ ಫೋನು ತಂದಳು, ಹಳೆಯ ನಂಬರನ್ನೇ ಹಾಕಿಸಿದಳು. ಬಿಲ್ ಬರೆಸಿಕೊಳ್ಳುವುದನ್ನು ಈ ಸಲ ಮರೆಯಲಿಲ್ಲ.

ಸುಗ್ಗಿ ಮುಗಿಯಿತು. ಕಣ ಖಾಲಿಯಾಯಿತು. ಒಂದು ಬೆಳಿಗ್ಗೆ ಫೋನು ಹಾಡಿತು.

"ಹಲೋ, ಮಾಲಾ ಅವ್ರಾ? ಹೊಸಳ್ಳಿ ಮಂಡಳಿಯವರು. ಕೇಳ್ತೈತಾ?"

"ಚೊಲೋ ಕೇಳ್ತೈತ್ರಿ. ನಿಮಗ?"

"ನಮಗೂ ಕೇಳ್ತೈತ್ರಿ. ಫೋನ್ ಸರಿ ಆತಲ್ಲ, ಬೇಸಾತು. ಈ ಸಲ ನಾಟಕಕ್ಕ ನೀವು ಬರಬೇಕು. ಅತ್ತಿ ಪಾರ್ಟು. ನಾಯಕಿ ಶಾಂತಕುಮಾರಿಯವರು, ಅವರಿಗೆ ನಿನ್ನೇನೇ ವೀಳ್ಯ ಕೊಟ್ಟು ಬಂದೀವಿ."

ಮಾಲಾ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದಳು. "ಮೊದಲು ನನಗ ಯಾಕ ಫೋನ್ ಹಚ್ಚಲಿಲ್ಲ?" ಎಂದು ಕೇಳಿಯೇಬಿಟ್ಟಳು.

"ನಾಯಕಿಗೆ ನಾವು ಯಾವಾಗ್ಲೂ ಮೊದಲು ಅವರಿಗೇ ಕೇಳ್ತೀವಲ್ರಿ. ಹ್ವಾದ ಸಲಾನೂ ಅವರಿಗೆ ಮೊದಲೇ ವೀಳ್ಯ ಕೊಟ್ಟಿದ್ವಿ, ನಿಮಗ ಹಚ್ಚಿದ್ದು ಅತ್ತಿ ಪಾರ್ಟಿಗೇ. ನೀವು ಮಾತಾಡಲಿಲ್ಲ, ಅದಕ್ಕ ಯಾರನ್ನ ಕರೀಬೇಕು ಅಂತ ಶಾಂತಕುಮಾರಿಯವರನ್ನ ಕೇಳೂಣು ಅಂದ್ವಿ. ಅವರಿಗೆ ಎಲ್ಲಾ ಗೊತ್ತೈತಿ."

"ಆತ್ರಿ. ನಾಳಿ ಹೇಳ್ತೀನಿ," ಎಂದಳು ಮಾಲಾ. ಅವಳ ದನಿ ಸರಿಯಾಗಿಯೇ ಇತ್ತು. ಅವರಿಗೂ ಸರಿಯಾಗಿಯೇ ಕೇಳಿತು.

ಅವಳು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಳು. ಬೈಯಲು ವೆಂಕಟೇಶ ಇರಲಿಲ್ಲ, ಬಿಸಾಡಲು ಫೋನು ಕೆಟ್ಟಿರಲಿಲ್ಲ. ಆಮೇಲೆ ತಾನೇ ಶಾಂತಕುಮಾರಿಯ ನಂಬರು ಒತ್ತಿದಳು.

"ಹಲೋ, ಅಕ್ಕ? ಹೇಳಕ್ಕ."

"ಕೇಳ್ತೈತೇನು?"

"ಪಕ್ಕದಾಗ ಕುಂತು ಮಾತಾಡಿದಂಗ ಕೇಳ್ತೈತಿ."

"ಹಂಗಾದ್ರ ಒಂದು ಕೇಳ್ತೀನಿ, ಹೇಳು. ಬಳ್ಳಾರಿಯಾಗ ನೀ ಹೇಳಿದಿಯಲ್ಲ, ಆ ನಾಟಕಗಳು ನಿನ್ನ ಚೊಲೋತನಕ್ಕ ಬಂದದ್ದಲ್ಲ, ನನ್ನ ಫೋನ್ ಕೆಟ್ಟದ್ದಕ್ಕ ಬಂದದ್ದು ಅಂತ. ಅದು ಖರೇನಾ?"

ಆ ಕಡೆಯಿಂದ ಮಾತು ಬರಲಿಲ್ಲ. ಮಾಲಾ ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿದಳು, ಮತ್ತೆ ಕಿವಿಗಿಟ್ಟಳು.

"ಹಲೋ," ಎಂದಳು.

ಫೋನು ಕೆಟ್ಟಿರಲಿಲ್ಲ. ಶಾಂತಕುಮಾರಿಯ ಒಲೆಯ ಮೇಲೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುತ್ತಿದ್ದದ್ದು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.